ಪುಸ್ತಕದ ಜೊತೆಗೆ ಕೊಟ್ಟವರ ಹೆಸರೂ ಉಳಿಯಲಿ

ಮಾನ್ಯ ಸಂಪಾದಕರೇ,

ಗ್ರಂಥಾಲಯ ಚಳವಳಿಯ ಪಿ.ಎನ್. ಪಣಿಕ್ಕರ್ ಅವರು 1995ರಲ್ಲಿ ತೀರಿಕೊಂಡ ಜೂನ್ 19ನ್ನು ಕೇರಳದಲ್ಲಿ ವಾಚನ ದಿನವಾಗಿ ಆಚರಿಸುತ್ತಾರೆ. ಆ ವಾರ ಕಾಸರಗೋಡಿನ ಕನ್ನಡ ಶಾಲೆಗಳಲ್ಲೂ ಪತ್ರಿಕೆಗಳಲ್ಲೂ 'ನನ್ನನ್ನು ಬೆಳೆಸಿದ ಪುಸ್ತಕ' ಎಂಬ ಬರಹಗಳು ಬರುತ್ತವೆ. ಅವನ್ನು ನಾವು ಆಸೆಯಿಂದ ಓದುತ್ತೇವೆ. ಓದಿದ ಮೇಲೆ ಒಂದು ಕೊರತೆ ಮಾತ್ರ ಕಾಡುತ್ತದೆ. ಪುಸ್ತಕದ ಹೆಸರು ಇರುತ್ತದೆ, ಅದನ್ನು ಕೈಗಿತ್ತವರು ಬರೇ 'ಒಬ್ಬ ಮಾಸ್ತರರು' ಅಥವಾ 'ನೆರೆಮನೆಯ ಒಬ್ಬ ಹಿರಿಯರು' ಆಗಿರುತ್ತಾರೆ. ಓದಿದ ಪ್ರತಿ ಈಗ ಎಲ್ಲಿದೆ ಎಂಬ ಮಾತು ಬರುವುದೇ ಇಲ್ಲ. ಇತ್ತ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಮಂಜೇಶ್ವರದ ಕಡೆಯ ಮನೆಗಳು ಪಾಲಾಗುವಾಗ, ಹಳೆ ಮನೆ ಕೆಡವುವಾಗ, ಹಿರಿಯರ ಕಪಾಟಿನಲ್ಲಿದ್ದದ್ದು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತದೆ. ಮೊಮ್ಮಕ್ಕಳಿಗೆ ಕನ್ನಡ ಓದಲು ಬಾರದ ಮನೆಗಳಲ್ಲಿ ಇದು ಇನ್ನೂ ಬೇಗ ನಡೆಯುತ್ತದೆ.

ನಾವು ಹಳೆಯ ಪುಸ್ತಕಗಳ ದುರಸ್ತಿ ಮತ್ತು ಪಟ್ಟಿ ಮಾಡುವ ಕೆಲಸದಲ್ಲಿ ತೊಡಗಿದವರು. ಹಿರಿಯರ ನೆನಪನ್ನೂ ಅವರ ಪ್ರತಿಯನ್ನೂ ಒಟ್ಟಿಗೆ ಉಳಿಸಬೇಕು. ಮಳೆಗಾಲ ನೆನಪು ಬರೆದುಕೊಳ್ಳಲು ಒಳ್ಳೆಯದು, ಪುಸ್ತಕ ಬಿಚ್ಚಿ ಕಟ್ಟುವ ಕೆಲಸಕ್ಕೆ ಜನವರಿಯಿಂದ ಮಾರ್ಚ್ ತನಕದ ಒಣ ಹವೆಯೇ ಬೇಕು.

ಮೊದಲು ಮಾತಿನ ವಿಚಾರ. 'ನಿಮ್ಮ ಮೇಲೆ ಪ್ರಭಾವ ಬೀರಿದ ಪುಸ್ತಕ ಯಾವುದು?' ಎಂದು ಕೇಳಬೇಡಿ. ಹಾಗೆ ಕೇಳಿದರೆ ಎಲ್ಲರ ಬಾಯಲ್ಲೂ ಬರುವುದು ಅದೇ ನಾಲ್ಕೈದು ದೊಡ್ಡ ಹೆಸರುಗಳು. ಕೇಳಿದವರಿಗೆ ಒಪ್ಪುವ ಉತ್ತರ ಕೊಡಬೇಕೆಂದು ಯಾರಿಗಾದರೂ ಅನಿಸುವುದು ಸಹಜ. ಅದರ ಬದಲು ಕಪಾಟಿನಿಂದ ಪುಸ್ತಕಗಳನ್ನು ಒಂದೊಂದಾಗಿ ತೆಗೆದು ಅವರ ಕೈಗೆ ಕೊಡಿ. ರಟ್ಟು ಮುಟ್ಟಿದಾಗ, ಒಳಗಿನ ಸಹಿ ನೋಡಿದಾಗ ಬರುವ ಮಾತೇ ಬೇರೆ. ಇದು ಯಾರಿಂದ ಬಂತು? ಕೊಂಡದ್ದೋ, ಬಹುಮಾನವೋ, ಎರವಲು ತಂದು ಹಿಂದಿರುಗಿಸದೆ ಉಳಿದದ್ದೋ? ಎಲ್ಲಿ ಕುಳಿತು ಓದಿದಿರಿ? ನೀವೇ ಓದಿದ್ದೋ, ಯಾರಾದರೂ ಓದಿ ಹೇಳಿದ್ದೋ? ಓದಿದ ಮೇಲೆ ಏನಾದರೂ ಬೇರೆ ರೀತಿ ಮಾಡಿದಿರಾ? ಆಮೇಲೆ ಯಾರಿಗೆ ಓದಲು ಕೊಟ್ಟಿರಿ? ಈ ಆರು ಪ್ರಶ್ನೆ ಸಾಕು. ಕೊನೆಯದನ್ನು ಬಿಡಲೇಬಾರದು, ಏಕೆಂದರೆ ಒಬ್ಬರಿಂದ ಒಬ್ಬರಿಗೆ ಪುಸ್ತಕ ಸಾಗಿದ ದಾರಿ ಅದರಿಂದಲೇ ಗೊತ್ತಾಗುವುದು.

ಇಸವಿ ಕೇಳಿದರೆ ಹೆಚ್ಚಿನವರು ತಡವರಿಸುತ್ತಾರೆ. ಊರಿಗೆಲ್ಲ ಗೊತ್ತಿರುವ ಗುರುತುಗಳನ್ನು ಹಿಡಿದು ಕೇಳಿ: ಕಾಸರಗೋಡು ಕೇರಳಕ್ಕೆ ಸೇರುವ ಮೊದಲೋ ಆಮೇಲೋ (1956 ನವೆಂಬರ್ 1), ರಾಜ್ಯಗಳ ಗಡಿವಿವಾದದ ಮಹಾಜನ ವರದಿ ಬಂದ ಸಮಯವೋ (1967), ಭೂಸುಧಾರಣೆಯ ಗಡಿಬಿಡಿಯ ಕಾಲವೋ (1970ರಿಂದ), ಜಿಲ್ಲೆಯಾದ ಮೇಲೋ (1984 ಮೇ 24). ಎರಡು ಗುರುತುಗಳ ನಡುವೆ ಬಂದರೆ ಸಾಕು, ಅದಕ್ಕಿಂತ ನಿಖರವಾಗಿ ಹೇಳಿಸಲು ಒತ್ತಾಯಿಸಿದರೆ ತಪ್ಪು ಇಸವಿ ಬರುತ್ತದೆ.

ಒಂದು ಸಲಕ್ಕೆ 45 ನಿಮಿಷ, ಹೆಚ್ಚೆಂದರೆ ಹನ್ನೆರಡು ಪುಸ್ತಕ. ಅನುಮತಿ ಕೇಳಿಯೇ ಧ್ವನಿಮುದ್ರಣ ಮಾಡಿ. ಮೊಬೈಲನ್ನು ಫ್ಲೈಟ್ ಮೋಡಿಗೆ ಹಾಕಿ, ಮಡಚಿದ ಬೈರಾಸಿನ (ಟವೆಲಿನ) ಮೇಲೆ ಮಾತಾಡುವವರಿಂದ ಒಂದೂವರೆ ಅಡಿ ದೂರದಲ್ಲಿಡಿ. ಬರೇ ಮೇಜಿನ ಮೇಲಿಟ್ಟರೆ ಪುಸ್ತಕ ಇಡುವ ಸದ್ದೆಲ್ಲ ಗುಡುಗಿನಂತೆ ದಾಖಲಾಗುತ್ತದೆ. ಶೀಟು ಹಾಕಿದ ಚಾವಡಿಯಲ್ಲಿ ಮಳೆ ಬಂದರೆ ಒಂದು ಮಾತೂ ಕೇಳಿಸದು, ಒಳಕೋಣೆಯೇ ವಾಸಿ, ಫ್ಯಾನ್ ನಿಲ್ಲಿಸಿ. ಶುರುವಿಗೆ ದಿನಾಂಕ, ಊರು, ಹೆಸರು ಹೇಳಿಸಿ. ಅಂದೇ ಇನ್ನೊಂದು ಕಡೆ ನಕಲು ಇಡಿ. ಹವ್ಯಕದಲ್ಲೋ ತುಳುವಿನಲ್ಲೋ ಕೊಂಕಣಿ, ಮರಾಠಿಯಲ್ಲೋ ಅವರು ಹೇಗೆ ಹೇಳುತ್ತಾರೋ ಹಾಗೆಯೇ ಬರೆದುಕೊಳ್ಳಿ. ಪುಸ್ತಕದ ಕನ್ನಡಕ್ಕೆ ತಿದ್ದಿದರೆ ಹೇಳಿದವರ ದನಿ ಹೋಗುತ್ತದೆ.

ಅಕ್ಷರ ಗೊತ್ತಿಲ್ಲದವರನ್ನು ಬಿಟ್ಟುಬಿಡಬೇಡಿ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆ ಇದು. ತಾಳಮದ್ದಳೆ, ಆಟಿ ತಿಂಗಳ ಪುರಾಣ ವಾಚನ ಕೇಳಿ ಭಾರತ, ರಾಮಾಯಣ ಬಾಯಿಗೆ ಬಂದವರು ಪ್ರತಿ ಊರಲ್ಲಿದ್ದಾರೆ. ಅವರ ಪಾಲಿಗೆ ಪುಸ್ತಕವೆಂದರೆ ಓದಿ ಹೇಳಿದ ವ್ಯಕ್ತಿ. ಯಾರು ಓದುತ್ತಿದ್ದರು, ಯಾರು ಅರ್ಥ ಹೇಳುತ್ತಿದ್ದರು ಎಂದು ಕೇಳಿ, ನೆನಪಿರುವ ಪದ್ಯಗಳನ್ನು ಹೇಳಿಸಿ. ಹಾಗೆಯೇ ಗ್ರಂಥಾಲಯದ ಎರವಲು ರಿಜಿಸ್ಟರಿನಲ್ಲಿ ಶಾಲೆಗೆ ಹೋಗುವ ಹುಡುಗನ ಹೆಸರಿದ್ದರೂ ಓದಿದವರು ಮನೆಯಲ್ಲಿದ್ದ ಅಮ್ಮನೋ ಅತ್ತೆಯೋ ಆಗಿರಬಹುದು. ಕಾದಂಬರಿಗಳ ವಿಷಯದಲ್ಲಂತೂ ಅದನ್ನು ಕೇಳಿಯೇ ತಿಳಿಯಬೇಕು.

ಎರವಲು ದಾಖಲೆಯ ಪ್ರಸ್ತಾಪ ಬಂದದ್ದರಿಂದ ಹೇಳುತ್ತೇವೆ. ಊರಿನ ಗ್ರಂಥಾಲಯಗಳು ತುಂಬಿದ ಎರವಲು ರಿಜಿಸ್ಟರುಗಳನ್ನು ಗುಜರಿಗೆ ಹಾಕದಿರಲಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇವೆ. ಒಂದು ಊರಿನ ಓದಿನ ಬಗ್ಗೆ ಅದಕ್ಕಿಂತ ನಂಬಿಕೆಯ ದಾಖಲೆ ಇಲ್ಲ. ಯಾವ ಪುಸ್ತಕ ಎಷ್ಟು ಕೈ ದಾಟಿತು, ಯಾವುದನ್ನು ಒಬ್ಬರೇ ಮೂರು ಸಲ ಒಯ್ದರು ಎಂಬುದು ಅಲ್ಲಿದೆ. ಇಡಲು ಜಾಗವಿಲ್ಲದಿದ್ದರೆ ಹಗಲು ಬೆಳಕಿನಲ್ಲಿ, ಕಿಟಕಿಯ ಬಳಿ, ಪುಟಕ್ಕೆ ನೇರ ಮೇಲಿನಿಂದ ಫೋಟೋ ತೆಗೆದಿಡಿ. ಬದುಕಿರುವವರು ಏನು ಓದಿದರೆಂಬುದನ್ನು ಅವರ ಒಪ್ಪಿಗೆಯಿಲ್ಲದೆ ಪ್ರಕಟಿಸುವುದು ಸರಿಯಲ್ಲ.

ಇನ್ನು ಪ್ರತಿಗಳ ವಿಚಾರ. ನಮ್ಮಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮೇಲೆ ಮಳೆ. ಗಾಳಿಯ ತೇವಾಂಶ ಶೇ. 70 ದಾಟಿದರೆ ಕಾಗದಕ್ಕೆ ಬೂಸ್ಟು ಹಿಡಿಯುತ್ತದೆ, ಮಳೆಗಾಲದಲ್ಲಿ ಅದು ದಿನಗಟ್ಟಲೆ ಅದಕ್ಕಿಂತ ಮೇಲೆಯೇ ಇರುತ್ತದೆ. ಹಾಗಾಗಿ ಕಪಾಟನ್ನು ಪಡುಗೋಡೆಗೆ ತಾಗಿಸಬೇಡಿ, ಗಾಳಿಮಳೆಗೆ ಮೊದಲು ನೆನೆಯುವುದು ಅದೇ. ಗೋಡೆಯಿಂದ ಎರಡು ಇಂಚು, ನೆಲದಿಂದ ಅರ್ಧ ಅಡಿ ಬಿಡಿ. ಒರಲೆ (ಗೆದ್ದಲು) ಬರುವುದು ಕಪಾಟಿನ ಕಾಲು ಮತ್ತು ಗೋಡೆಯ ದಾರಿಯಿಂದ. ಅಂತರ ಇದ್ದರೆ ಅದರ ಮಣ್ಣಿನ ಗೆರೆ ಕಣ್ಣಿಗೆ ಬೀಳುತ್ತದೆ. ಪುಸ್ತಕಗಳನ್ನು ಬಿಗಿಯಾಗಿ ತುರುಕಬೇಡಿ. ಹಸಿ ಬೇವಿನ ಸೊಪ್ಪು ಇಟ್ಟರೆ ಅದರ ತೇವವೇ ಪುಟಕ್ಕೆ ಇಳಿಯುತ್ತದೆ, ಪೂರಾ ಒಣಗಿದ್ದು ಮಾತ್ರ ಇಡಬಹುದು.

ಬೂಸ್ಟು ಬಂದ ಪುಸ್ತಕವನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಕಲೆ ಒಳಗಿಳಿಯುತ್ತದೆ. ಪುಟ ಬಿಡಿಸಿ ನಿಲ್ಲಿಸಿ ನೆರಳಿನಲ್ಲಿ ಗಾಳಿಗೆ ಪೂರಾ ಒಣಗಿಸಿ, ಆಮೇಲೆ ಮನೆಯ ಹೊರಗೆ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಎರಡಿಂಚಿನ ಮೆತ್ತಗಿನ ಬ್ರಶ್ಶಿನಿಂದ ಕೊಡವಿ. ಅಂಗಳದ ಬಿಸಿಲಿಗೆ ಹರಡುವ ಅಭ್ಯಾಸ ಬಿಡಬೇಕು. ಬಿಸಿಲಿಗೆ ರಟ್ಟು ಸೊಟ್ಟಗಾಗುತ್ತದೆ, ಕಾಗದ ಇನ್ನಷ್ಟು ಹಳದಿಯಾಗಿ ಮುರಿಯುತ್ತದೆ. ಯುದ್ಧಕಾಲದ ಕಾಗದದ ಅಭಾವದಲ್ಲಿ, 1940ರ ದಶಕದಲ್ಲಿ ಅಚ್ಚಾದ ಪುಸ್ತಕಗಳನ್ನು ವಿಶೇಷವಾಗಿ ನೋಡಿಕೊಳ್ಳಿ. ಅವು ಕೆಲವೊಮ್ಮೆ ಅದಕ್ಕಿಂತ ಹಳೆಯ ಪುಸ್ತಕಗಳಿಗಿಂತ ಬೇಗ ಪುಡಿಯಾಗುತ್ತವೆ.

ಹುಳ ಕೊರೆದ ತೂತಿನಿಂದ ಹೊಸ ಪುಡಿ ಉದುರುತ್ತಿದ್ದರೆ ಒಳಗೆ ಮರಿ ಇದೆ ಎಂದರ್ಥ. ಒಣಗಿದ ಪುಸ್ತಕವನ್ನು ಗಾಳಿ ತೆಗೆದ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಮುಚ್ಚಿ, ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬಾರದು, ಬಿಚ್ಚಿದರೆ ತಣ್ಣಗಿನ ಪುಟದ ಮೇಲೆ ನೀರು ಕೂರುತ್ತದೆ. ಇದರಿಂದ ಹುಳ ಸಾಯುತ್ತದೆ, ಬೂಸ್ಟು ಸಾಯುವುದಿಲ್ಲ. ತಾಳೆಗರಿಗೆ ಈ ಯಾವ ಉಪಾಯವನ್ನೂ ಮಾಡಬೇಡಿ. ಧರ್ಮಸ್ಥಳದ ಮಂಜುನಾಥೇಶ್ವರ ಸಂಸ್ಕೃತಿ ಸಂಶೋಧನ ಪ್ರತಿಷ್ಠಾನದಂಥ ಕಡೆ ಬಲ್ಲವರಿದ್ದಾರೆ, ಅವರನ್ನು ಕೇಳಿ.

ಹರಿದ ಪುಟಕ್ಕೆ ಸೆಲ್ಲೋಟೇಪ್ ಅಂಟಿಸಬೇಡಿ. ಕೆಲವೇ ವರ್ಷದಲ್ಲಿ ಅಂಟು ಕಂದಾಗಿ ಅಕ್ಷರದೊಳಗೆ ಇಳಿಯುತ್ತದೆ, ಪ್ಲಾಸ್ಟಿಕ್ ಕಳಚುತ್ತದೆ. ಫೆವಿಕಾಲ್ ಗಟ್ಟಿಯಾಗಿ, ಅದರ ಪಕ್ಕದಲ್ಲೇ ಪುಟ ಮತ್ತೆ ಮುರಿಯುತ್ತದೆ. ಒಂದು ಚಮಚ ಮೈದಾಕ್ಕೆ ಐದು ಚಮಚ ತಣ್ಣೀರು ಹಾಕಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕೈಬಿಡದೆ ತಿರುಗಿಸಿ. ಬಿಳಿ ಹೋಗಿ ಅರೆಪಾರದರ್ಶಕವಾದಾಗ ಇಳಿಸಿ, ಆರಿಸಿ, ಬಟ್ಟೆಯಲ್ಲಿ ಸೋಸಿ. ಅಂದಂದೇ ಬಳಸಬೇಕು. ಹುಳ ಬಾರದಿರಲೆಂದು ಅದಕ್ಕೆ ಮೈಲುತುತ್ತು (ತಾಮ್ರದ ಸಲ್ಫೇಟ್) ಸೇರಿಸುವ ಹಳೆಯ ಪದ್ಧತಿ ಇದೆ. ತೋಟದ ಮದ್ದಿಗೆ ಅದು ಸರಿ, ಕಾಗದಕ್ಕೆ ತಾಮ್ರದ ಅಂಶ ಬಿದ್ದರೆ ಅದು ಬೇಗ ಜೀರ್ಣವಾಗುತ್ತದೆ. ಸೆಂಟಿಮೀಟರ್ ಅಗಲದ ಜಪಾನಿ ಟಿಶ್ಯೂ ಎಂಬ ತೆಳು, ಉದ್ದ ನಾರಿನ ಕಾಗದದ ಪಟ್ಟಿಯನ್ನು ಕತ್ತರಿಸದೆ ಹರಿದು ತೆಗೆಯಿರಿ, ಅದರ ನಾರು ಪುಟಕ್ಕೆ ಹಿಡಿಯುತ್ತದೆ. ಅಂಟು ತೆಳ್ಳಗೆ ಸವರಿ, ಎರಡು ಬಟರ್ ಪೇಪರಿನ ನಡುವೆ ಇಟ್ಟು ರಾತ್ರಿಯಿಡೀ ಭಾರ ಹೇರಿ. ಅಂಟು ಹೆಚ್ಚಾದರೆ ಪುಟ ಅಲೆಅಲೆಯಾಗಿ ಒಣಗುತ್ತದೆ.

ಯಕ್ಷಗಾನ ಪ್ರಸಂಗ ಪುಸ್ತಕಗಳು, ಸಣ್ಣ ಕೀರ್ತನೆ ಪುಸ್ತಕಗಳು ಪಿನ್ ಹೊಡೆದವು. ಪಿನ್ ತುಕ್ಕು ಹಿಡಿದು ಮಧ್ಯದ ಹಾಳೆಯನ್ನೇ ತಿನ್ನುತ್ತದೆ. ಒಳಬದಿಯಲ್ಲಿ ಪಿನ್ನಿನ ಕಾಲುಗಳನ್ನು ಮೊಂಡು ಚಾಕುವಿನಿಂದ ಎತ್ತಿ ನೇರ ಮಾಡಿ, ಹೊರಗಿನಿಂದ ಎಳೆಯಿರಿ. ಮಡಿಕೆಯ ಮೇಲೆ ಮೂರು ತೂತು ಮಾಡಿ. ಪುಸ್ತಕದ ಎತ್ತರದ ಎರಡೂವರೆ ಪಟ್ಟು ಉದ್ದದ ಹತ್ತಿನೂಲು ತೆಗೆದುಕೊಂಡು, ಒಳಗಿನಿಂದ ನಡುತೂತಲ್ಲಿ ಹೊರಗೆ, ಮೇಲಿನ ತೂತಲ್ಲಿ ಒಳಗೆ, ಕೆಳಗಿನ ತೂತಲ್ಲಿ ಹೊರಗೆ, ಪುನಃ ನಡುತೂತಲ್ಲಿ ಒಳಗೆ ತನ್ನಿ. ಉದ್ದ ಹೊಲಿಗೆಯ ಎರಡು ಬದಿಗೂ ಒಂದೊಂದು ತುದಿ ಬರುವಂತೆ ಇಟ್ಟು ಗಂಟು ಹಾಕಿ.

ದೊಡ್ಡ ಪುಸ್ತಕ ಬೈಂಡಿಂಗಿಗೆ ಕೊಟ್ಟರೆ 'ಅಂಚು ಕತ್ತರಿಸಬೇಡಿ' ಎಂದು ಚೀಟಿಯಲ್ಲೇ ಬರೆದುಕೊಡಿ. ಅಂದಕ್ಕಾಗಿ ಮೂರು ಬದಿ ಕತ್ತರಿಸಿದರೆ ಭಾಗವತರು ಬದಿಯಲ್ಲಿ ಬರೆದಿಟ್ಟ ರಾಗತಾಳದ ಗುರುತು, ಮಾಸ್ತರರು ಹಾಕಿದ ಪ್ರಶ್ನೆ, ಅರ್ಥಧಾರಿಯ ಟಿಪ್ಪಣಿ ಎಲ್ಲ ಹೋಗುತ್ತದೆ. ಸಹಿ ಇರುವ ಮೊದಲ ಹಾಳೆಯನ್ನು ಕಿತ್ತು ಹೊಸ ಹಾಳೆ ಹಾಕುವುದೂ ಉಂಟು, ಅದನ್ನೂ ಬೇಡವೆನ್ನಿ. ಆ ಪ್ರತಿಯನ್ನು ಅಂಗಡಿಯಲ್ಲಿ ಸಿಗುವ ಇನ್ನೊಂದು ಪ್ರತಿಯಿಂದ ಬೇರೆ ಮಾಡುವುದು ಆ ಬರಹಗಳೇ.

ಪಟ್ಟಿಗೆ ಒಂದು ನೋಟುಬುಕ್ಕು ಸಾಕು: ಕ್ರಮಸಂಖ್ಯೆ, ಹೆಸರು, ಕರ್ತೃ, ಪ್ರಕಾಶಕರು, ಮುದ್ರಣದ ವರ್ಷ, ಒಳಗೆ ಯಾರ ಸಹಿ, ಕೊಟ್ಟವರು, ಪಡೆದವರು. ಸಂಖ್ಯೆಯನ್ನು ಪುಸ್ತಕದಲ್ಲಿ ಪೆನ್ಸಿಲಿನಲ್ಲೇ ಬರೆಯಿರಿ. ಒಳಗೆ ಪತ್ರ, ಪೇಪರು ಕಟ್ಟಿಂಗು ಸಿಕ್ಕಿದರೆ ಯಾವ ಪುಟಗಳ ನಡುವೆ ಇತ್ತೆಂದು ಬರೆದು ಬೇರೆ ಲಕೋಟೆಯಲ್ಲಿಡಿ, ಕಟ್ಟಿಂಗಿನ ಆಮ್ಲ ಪಕ್ಕದ ಪುಟವನ್ನು ಕಂದು ಮಾಡುತ್ತದೆ.

ಸಂಗ್ರಹವನ್ನು ಯಾರಿಗಾದರೂ ಕೊಡುವುದಿದ್ದರೆ ಹಂಚದೆ ಒಟ್ಟಾಗಿ, ಪಟ್ಟಿಯ ಸಮೇತ ಕೊಡಿ. ಮಂಜೇಶ್ವರದ ಗೋವಿಂದ ಪೈಗಳ ಪುಸ್ತಕಗಳು ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಒಂದೆಡೆ ಉಳಿದದ್ದರಿಂದಲೇ ಆ ಮನಸ್ಸು ಯಾವುದನ್ನೆಲ್ಲ ಓದಿ ಬೆಳೆಯಿತೆಂದು ಇಂದೂ ಕಾಣಬಹುದು. ಪೈಗಳು ತೀರಿಕೊಂಡದ್ದು 1963ರಲ್ಲಿ. ನಮ್ಮ ಕಾನೂನಿನಲ್ಲಿ ಲೇಖಕರ ಮರಣದ ಮುಂದಿನ ವರ್ಷದಿಂದ 60 ವರ್ಷ ಕೃತಿಸ್ವಾಮ್ಯದ ಹಕ್ಕು ಇರುವುದರಿಂದ, ಅವರು ಬದುಕಿದ್ದಾಗ ಅಚ್ಚಾದ ಅವರ ಬರಹಗಳು 2024ರ ಜನವರಿಯಿಂದ ಎಲ್ಲರವು. ಅಂಥ ಹಳೆಯ ಮುದ್ರಣ ಮನೆಯಲ್ಲಿದ್ದರೆ ಸ್ಕ್ಯಾನ್ ಮಾಡಿ ಅಂತರ್ಜಾಲದ ಮುಕ್ತ ಗ್ರಂಥಾಲಯ ಕನ್ನಡ ವಿಕಿಸೋರ್ಸಿಗೆ ಕೊಡಬಹುದು. 2015ರಲ್ಲಿ ಅಗಲಿದ ಕಯ್ಯಾರ ಕಿಞ್ಞಣ್ಣ ರೈಗಳಂಥವರ ಕೃತಿಗಳಿಗೆ ಮನೆಯವರ ಒಪ್ಪಿಗೆ ಬೇಕೇಬೇಕು.

ಸಂಪಾದಕರಲ್ಲಿ ಒಂದು ಕೋರಿಕೆ. ವಾಚನ ವಾರದ ಬರಹಗಳನ್ನು ಆಹ್ವಾನಿಸುವಾಗ ಮೂರು ಸಾಲು ಕಡ್ಡಾಯ ಮಾಡಿ: ಪುಸ್ತಕ ಕೊಟ್ಟವರು ಯಾರು, ಯಾವ ಮುದ್ರಣ, ಆ ಪ್ರತಿ ಈಗ ಎಲ್ಲಿದೆ. 150 ಪದಗಳ ಬರಹ ಸಾಕು, ಜೊತೆಗೆ ಸಹಿ ಇರುವ ಪುಟದ ಒಂದು ಫೋಟೋ ಇರಲಿ.

ಇತಿ,
ಹಳೆಯ ಪುಸ್ತಕ ದುರಸ್ತಿಯ ಕೆಲಸದಲ್ಲಿರುವ ಗ್ರಂಥಾಲಯ ಕಾರ್ಯಕರ್ತರು
ಬದಿಯಡ್ಕ – ಕುಂಬಳೆ ಪರಿಸರ, ಕಾಸರಗೋಡು ಜಿಲ್ಲೆ