ಬಾಡಿಗೆಯೊಳಗಿನ ಕರೆಂಟ್ ಇನ್ನು ದಿನಕ್ಕೆ 10 ಯೂನಿಟ್: ಮಾಟುಂಗಾ, ವಡಾಲಾ, ಪರೇಲ್ ಫ್ಲ್ಯಾಟ್‌ಗಳ ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಮುಂದಿನ ತಿಂಗಳ 1ನೇ ತಾರೀಖಿನಿಂದ ಮುಂಬಯಿಯ ನಮ್ಮ ಎಲ್ಲ ಫ್ಲ್ಯಾಟ್‌ಗಳ ಬಾಡಿಗೆಯಲ್ಲಿ ಕರೆಂಟ್ ದಿನಕ್ಕೆ 10 ಯೂನಿಟ್‌ವರೆಗೆ ಮಾತ್ರ ಸೇರಿರುತ್ತದೆ. ಮೇಲಾದದ್ದಕ್ಕೆ ಬೇರೆ ಹಣ. ನೀರು, ಪೈಪ್ ಗ್ಯಾಸ್, ವೈಫೈ, ಸೊಸೈಟಿ ಶುಲ್ಕ ಮೊದಲಿನಂತೆ ಬಾಡಿಗೆಯಲ್ಲೇ. ಈಗಾಗಲೇ ಮುಂಗಡ ಕೊಟ್ಟವರು ಯಾವಾಗ ಬಂದರೂ ಅವರಿಗೆ ಹಳೆಯ ನಿಯಮವೇ.

ಲೆಕ್ಕ ದಿನದಿನಕ್ಕಲ್ಲ, ಇದ್ದಷ್ಟು ದಿನಕ್ಕೆ ಒಟ್ಟಾಗಿ. ಹತ್ತು ದಿನಕ್ಕೆ 100 ಯೂನಿಟ್. ಒಂದು ದಿನ 14 ಆಗಿ, ಮರುದಿನ ಊರು ನೋಡಲು ಹೋಗಿ 5 ಆದರೆ ಏನೂ ತೊಂದರೆಯಿಲ್ಲ.

ಹತ್ತೇ ಯಾಕೆ? ಇಲ್ಲಿ ಕರೆಂಟ್ ಕೊಡುವ ಬೆಸ್ಟ್ ಸಂಸ್ಥೆಯ ಮನೆ ಬಳಕೆಯ ದರ ತಿಂಗಳಿಗೆ 100, 300, 500 ಯೂನಿಟ್ ದಾಟಿದ ಹಾಗೆ ಏರುತ್ತಾ ಹೋಗುತ್ತದೆ. ದಿನಕ್ಕೆ ಹತ್ತಾದರೆ ಮೂವತ್ತು ದಿನಕ್ಕೆ 300ರ ಒಳಗೇ ಉಳಿಯುತ್ತೇವೆ. ಒಂದು ಫ್ಲ್ಯಾಟ್‌ನಲ್ಲಿ ತಿಂಗಳಿಗೆ ಮೂರು ನಾಲ್ಕು ಕುಟುಂಬ ಬಂದುಹೋಗುತ್ತವೆ, ಮೀಟರ್ ಮಾತ್ರ ಒಂದೇ. ಮೊದಲು ಬಂದವರು ಹಗಲೂ ರಾತ್ರಿ ಎ.ಸಿ. ಓಡಿಸಿದರೆ ಕೊನೆಗೆ ಬಂದವರ ಫ್ಯಾನ್ ಕೂಡ ಮೇಲಿನ ದರದಲ್ಲೇ ತಿರುಗುತ್ತದೆ. ಎಲ್ಲರ ಬಾಡಿಗೆಯನ್ನೂ ಏರಿಸಬಹುದಿತ್ತು. ಫ್ಯಾನಿನಲ್ಲೇ ಕಾಲ ಕಳೆಯುವವರಿಂದ ಎ.ಸಿ.ಯ ಹಣ ವಸೂಲಿ ಮಾಡುವುದು ನಮಗೆ ಸರಿ ಕಾಣಲಿಲ್ಲ. ಹಾಗೆಯೇ ಹೆಚ್ಚುವರಿ ಯೂನಿಟ್‌ಗೆ ಮೇಲಿನ ದರವನ್ನೇ ಹಾಕುವುದೂ ಇಲ್ಲ. ಆ ಫ್ಲ್ಯಾಟ್‌ನ ಹಿಂದಿನ ಬಿಲ್‌ನಲ್ಲಿ ಸ್ಥಿರ ಶುಲ್ಕ ಕಳೆದು, ಉಳಿದ ಮೊತ್ತವನ್ನು ಯೂನಿಟ್‌ಗಳಿಂದ ಭಾಗಿಸಿದರೆ ಬರುವ ಸರಾಸರಿಯೇ ನಿಮ್ಮ ದರ. ಆ ಬಿಲ್‌ನ ಪ್ರತಿಯನ್ನು ಬೀಗದ ಕೈ ಜೊತೆಗೇ ಕೊಡುತ್ತೇವೆ.

ನಾಲ್ಕು ಜನರ ಕುಟುಂಬಕ್ಕೆ ಇಷ್ಟು ಸಾಕು. ಫ್ರಿಜ್, ಫ್ಯಾನ್, ದೀಪ, ಟಿವಿ ಎಲ್ಲ ಸೇರಿ ದಿನಕ್ಕೆ ಸುಮಾರು 3 ಯೂನಿಟ್. 15 ಲೀಟರ್ ಗೀಸರ್ ಒಮ್ಮೆ ಕಾಯಲು ಅರ್ಧ ಯೂನಿಟ್‌ಗಿಂತ ತುಸು ಹೆಚ್ಚು. ಸ್ನಾನಕ್ಕೆ ಇಪ್ಪತ್ತು ನಿಮಿಷ ಮೊದಲು ಹಾಕಿದರೆ ಆಯಿತು, ರಾತ್ರಿಯಿಡೀ ಬಿಡಬೇಡಿ. ನಮ್ಮ ಒಂದೂವರೆ ಟನ್ನಿನ ಇನ್ವರ್ಟರ್ ಎ.ಸಿ.ಯನ್ನು 25-26 ಡಿಗ್ರಿಗೆ ಇಟ್ಟು ಫ್ಯಾನನ್ನೂ ಹಾಕಿಕೊಂಡರೆ ರಾತ್ರಿ ಎಂಟು ಗಂಟೆಗೆ 4-5 ಯೂನಿಟ್. 18ಕ್ಕೆ ಇಟ್ಟರೆ ಬೇಗ ತಣ್ಣಗಾಗುವುದಿಲ್ಲ. ಇಲ್ಲಿನ ಸೆಕೆಗೆ ಕೋಣೆ 18ಕ್ಕೆ ಇಳಿಯುವುದೇ ಇಲ್ಲ, ಕಂಪ್ರೆಸರ್‌ಗೆ ಬಿಡುವಿಲ್ಲ, ಗಂಟೆಗೆ ಒಂದು ಯೂನಿಟ್ ದಾಟಿದರೂ ಆಶ್ಚರ್ಯವಿಲ್ಲ. ಮಳೆಗಾಲದಲ್ಲಿ ಒದ್ದೆ ಬಟ್ಟೆಯನ್ನು ಎ.ಸಿ. ಕೋಣೆಯಲ್ಲಿ ಹರವುವವರು ಬಹಳ. ಬಟ್ಟೆಯ ನೀರನ್ನೆಲ್ಲ ಎ.ಸಿ.ಯೇ ಹೀರಿ ಹೊರಹಾಕಬೇಕಾಗುತ್ತದೆ. ಹಾಲ್‌ನಲ್ಲಿ ಹಗ್ಗ ಕಟ್ಟಿದ್ದೇವೆ. ಅಲ್ಲಿ ಹಾಕಿ ಫ್ಯಾನ್ ಬಿಡಿ, ಎಂಟು ಗಂಟೆಗೆ ಅರ್ಧ ಯೂನಿಟ್ ಹೋದೀತು ಅಷ್ಟೇ.

ಟಾಟಾ ಸ್ಮಾರಕ ಆಸ್ಪತ್ರೆಗೆಂದು ಕಲಬುರಗಿ, ವಿಜಯಪುರದ ಕಡೆಯಿಂದ ಬಂದು ಪರೇಲ್‌ನಲ್ಲಿ ಉಳಿಯುವವರಿಗೆ ಒಂದು ಮಾತು. 5 ಲೀಟರ್‌ನ ಆಕ್ಸಿಜನ್ ಕಾನ್ಸಂಟ್ರೇಟರ್ ದಿನವಿಡೀ ನಡೆದರೆ 7-8 ಯೂನಿಟ್ ಬೇಕು. ಅಂಥ ಯಂತ್ರವಿದ್ದರೆ ಮೊದಲೇ ತಿಳಿಸಿ, ಅದಕ್ಕೆ ದಿನಕ್ಕೆ 8 ಯೂನಿಟ್ ಬೇರೆಯಾಗಿ ಬಿಡುತ್ತೇವೆ.

ರೀಡಿಂಗ್ ತೆಗೆಯುವುದು ಹೀಗೆ. ಮೀಟರ್ ಇರುವುದು ಕೆಳಗಿನ ಮೀಟರ್ ರೂಮಿನಲ್ಲಿ, ಬೀಗ ವಾಚ್‌ಮನ್ ಹತ್ತಿರ. ಬಂದ ದಿನ, ಹೊರಡುವ ದಿನ ನಮ್ಮವರ ಜೊತೆ ನೀವೂ ಇಳಿದು ಬನ್ನಿ. ಮೀಟರ್ ನಂಬರನ್ನು ಬಿಲ್‌ನೊಂದಿಗೆ ಹೋಲಿಸಿ. ಪರದೆಯಲ್ಲಿ ತಾರೀಖು, ವೋಲ್ಟೇಜ್, ಗರಿಷ್ಠ ಬೇಡಿಕೆ ಒಂದಾದ ಮೇಲೊಂದು ಬರುತ್ತವೆ. ಅಂಕಿಯ ಪಕ್ಕ ಕೆಡಬ್ಲ್ಯೂಎಚ್ (kWh, ಅಂದರೆ ಯೂನಿಟ್) ಎಂದು ಬಂದಾಗಲೇ ಫೋಟೊ ತೆಗೆಯಿರಿ. ಜಗಳ ಹುಟ್ಟುವುದು ಹೆಚ್ಚಾಗಿ ಬೇರೆ ಅಂಕಿಯ ಫೋಟೊದಿಂದ. ಆಮೇಲೆ ಒಬ್ಬರು ಮೇಲೆ ಹೋಗಿ ಮನೆಯ ಮೇನ್ ಆಫ್ ಮಾಡಲಿ. ಮೀಟರಿನ ಮಿನುಗುವ ಕೆಂಪು ದೀಪ ನಿಲ್ಲಬೇಕು. ಆಮೇಲೂ ಮಿನುಗುತ್ತಿದ್ದರೆ ಪಕ್ಕದ ಮನೆಯದೋ ಮೆಟ್ಟಿಲ ದೀಪದ್ದೋ ವೈರ್ ನಮ್ಮ ಮೀಟರಿಗೆ ಸೇರಿದೆ ಎಂದರ್ಥ. ಹಳೆಯ ಕಟ್ಟಡಗಳಲ್ಲಿ ಇದು ಅಪರೂಪವಲ್ಲ. ಅದು ಸರಿಯಾಗುವವರೆಗೆ ನಿಮ್ಮಿಂದ ಹೆಚ್ಚುವರಿ ಹಣ ಕೇಳುವುದಿಲ್ಲ. ಗೀಸರ್ ತಾನಾಗಿ ಆಫ್ ಆಗದಿದ್ದರೆ, ಎ.ಸಿ. ಒಳಗಿನಿಂದ ನೀರು ತೊಟ್ಟಿಕ್ಕಿದರೆ ಅಂದೇ ಫೋನ್ ಮಾಡಿ; ನಮ್ಮ ಸಾಮಾನು ಕೆಟ್ಟು ಏರಿದ ಯೂನಿಟ್ ನಮ್ಮ ಲೆಕ್ಕಕ್ಕೆ.

ಊರಿಂದ ಸ್ಟವ್ ತರಬೇಡಿ. ಸಿಲಿಂಡರ್ ಸ್ಟವ್‌ನ ಜೆಟ್ ತೂತು ಸಣ್ಣದು, ಪೈಪ್ ಗ್ಯಾಸ್‌ಗೆ ಉರಿ ಸಾಲದು. ಇಂಡಕ್ಷನ್ ಒಲೆ ತಂದರೆ ಅದರ ಯೂನಿಟ್ ನಿಮ್ಮದೇ.

ಹೆಚ್ಚುವರಿ ಏನಾದರೂ ಇದ್ದರೆ ಡಿಪಾಸಿಟ್‌ನಲ್ಲಿ ಹಿಡಿದುಕೊಂಡು ಉಳಿದದ್ದನ್ನು ಬೀಗದ ಕೈ ಒಪ್ಪಿಸಿದ ದಿನವೇ ಯುಪಿಐ ಮೂಲಕ ಕಳಿಸುತ್ತೇವೆ. ಬೆಳಗಿನ ಜಾವದ ರೈಲಿದ್ದರೆ ಹಿಂದಿನ ಸಂಜೆಯೇ ರೀಡಿಂಗ್ ತೆಗೆದುಬಿಡೋಣ, ಆ ರಾತ್ರಿಯ ಬಳಕೆ ಲೆಕ್ಕಕ್ಕಿಲ್ಲ.

ಇತಿ,
ವ್ಯವಸ್ಥಾಪಕರು