ಆ್ಯಪ್ ಕ್ಲೋಸ್ ಮಾಡೋದು ಬಿಡು, ಸಿಗ್ನಲ್ ನೋಡು

ಶಿವಮೊಗ್ಗ

ಚಿ. ಸುಹಾಸನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ.

ಹೊಸನಗರದ ಮನೆಗೆ ಹೋದರೆ ಮಧ್ಯಾಹ್ನಕ್ಕೇ ಫೋನಿನ ಚಾರ್ಜ್ ಇಳಿಯುತ್ತೆ, ಗಂಟೆಗೊಮ್ಮೆ ಎಲ್ಲ ಆ್ಯಪ್ ಕ್ಲೋಸ್ ಮಾಡಿದರೂ ಅಷ್ಟೇ ಅಂತ ಬರೆದಿದ್ದೀಯ. ಮೊದಲು ಆ ಕ್ಲೋಸ್ ಮಾಡೋದನ್ನ ಬಿಡು. ರೀಸೆಂಟ್ಸ್‌ನಲ್ಲಿ ಕಾಣೋದು ನೀನು ಈಚೆಗೆ ತೆರೆದ ಆ್ಯಪ್‌ಗಳು, ಅವೆಲ್ಲ ಓಡುತ್ತಿವೆ ಅಂತಲ್ಲ. ಹೆಚ್ಚಿನವು ಫೋನಿನ ತಾತ್ಕಾಲಿಕ ಮೆಮೊರಿಯಾದ ರ‍್ಯಾಮ್‌ನಲ್ಲಿ ಸುಮ್ಮನೆ ಕೂತಿರುತ್ತವೆ. ರ‍್ಯಾಮ್ ತುಂಬಿರಲಿ, ಖಾಲಿಯಿರಲಿ, ಅದಕ್ಕೆ ಬೇಕಾಗುವ ಕರೆಂಟು ಹೆಚ್ಚುಕಮ್ಮಿ ಒಂದೇ. ಜಾಗ ಸಾಲದಾದಾಗ ಆಂಡ್ರಾಯ್ಡ್ ತಾನೇ ಹಳೆಯದನ್ನ ತೆಗೆಯುತ್ತೆ. ನೀನೇ ತೆಗೆದರೆ ಆ್ಯಪ್ ಮತ್ತೆ ಮೊದಲಿಂದ ಲೋಡ್ ಆಗಬೇಕು, ಬ್ಯಾಟರಿ ಖರ್ಚಾಗೋದು ಅಲ್ಲಿ. ಐಫೋನಿನದೂ ಇದೇ ಕತೆ. ಕ್ಲೀನರ್, ಬೂಸ್ಟರ್ ಅನ್ನೋ ಆ್ಯಪ್ ಹಾಕಿಕೊಂಡಿದ್ದರೆ ಅದನ್ನೇ ಮೊದಲು ಅನ್‌ಇನ್‌ಸ್ಟಾಲ್ ಮಾಡು. ಅದು ಮುಚ್ಚಿದ್ದು ಮತ್ತೆ ಏಳುತ್ತೆ, ಮತ್ತೆ ಮುಚ್ಚುತ್ತೆ, ನಡುವೆ ಜಾಹೀರಾತು ಬೇರೆ.

ನಿನ್ನ ಚಾರ್ಜ್ ತಿನ್ನುತ್ತಿರೋದು ಬಹುಶಃ ಸಿಗ್ನಲ್. ಗುಡ್ಡದ ಮರೆಯಲ್ಲಿ ಒಂದೇ ಕಡ್ಡಿ ಇದ್ದಾಗ ಫೋನು ಟವರ್ ಮುಟ್ಟೋಕೆ ಹೆಚ್ಚು ಪವರ್‌ನಲ್ಲಿ ಕೂಗಬೇಕು, ಸಿಗ್ನಲ್ ಹೋದರೆ ಹುಡುಕುತ್ತಲೇ ಇರಬೇಕು. ಮನೆಯಲ್ಲಿ ವೈಫೈ ಇದೆಯಲ್ಲ, ವೈಫೈ ಕಾಲಿಂಗ್ ಆನ್ ಮಾಡಿ ಏರೋಪ್ಲೇನ್ ಮೋಡ್ ಹಾಕು, ಆಮೇಲೆ ವೈಫೈ ಮಾತ್ರ ಮತ್ತೆ ಆನ್ ಮಾಡು. ನಿನ್ನ ಸಿಮ್‌ಗೆ ಆ ಸೌಲಭ್ಯ ಇದ್ದರೆ ಕಾಲ್ ಬರುತ್ತೆ. 5ಜಿ ಬಂದು ಹೋಗಿ ಮಾಡೋ ಕಡೆ ಸಿಮ್ ಸೆಟ್ಟಿಂಗ್ಸ್‌ನಲ್ಲಿ 4ಜಿಗೆ ಇಳಿಸು. ಆಗುಂಬೆ ಘಾಟಿ ಇಳಿಯುವಾಗ ಏರೋಪ್ಲೇನ್ ಮೋಡ್‌ನಲ್ಲೇ ಇರಲಿ.

ಆ್ಯಪ್‌ಗಳನ್ನ ಹಿಡಿತದಲ್ಲಿ ಇಡೋಕೆ ಬೇರೆ ಜಾಗ ಇದೆ. ಸೆಟ್ಟಿಂಗ್ಸ್‌ನ ಬ್ಯಾಟರಿ ಯೂಸೇಜ್ ತೆರೆದು, ನೀನು ಮುಟ್ಟದೇ ಇದ್ದರೂ ಬ್ಯಾಕ್‌ಗ್ರೌಂಡ್‌ನಲ್ಲಿ ಗಂಟೆಗಟ್ಟಲೆ ಓಡಿದ್ದು ಯಾವುದು ನೋಡು. ಅದರ ಬ್ಯಾಟರಿ ಆಯ್ಕೆಯನ್ನ ರಿಸ್ಟ್ರಿಕ್ಟೆಡ್ ಮಾಡು, ಲೊಕೇಶನ್ ಅನುಮತಿಯನ್ನ ಆ್ಯಪ್ ಬಳಸುವಾಗ ಮಾತ್ರ ಅಂತ ಇಡು. ಶಾಪಿಂಗ್, ಗೇಮ್‌ಗಳಿಗೆ ಇದು ಸಾಕು. ಮೆಸೇಜಿಂಗ್ ಆ್ಯಪನ್ನ ಮುಟ್ಟಬೇಡ.

ಆ್ಯಪ್ ಸೆಟ್ಟಿಂಗ್ಸ್‌ನಲ್ಲಿರೋ ಫೋರ್ಸ್ ಸ್ಟಾಪ್ ಬಟನ್ ಬೇರೆಯೇ ವಿಷಯ. ಅದನ್ನ ಒತ್ತಿದ ಆ್ಯಪ್ ನೀನಾಗಿ ಮತ್ತೆ ತೆರೆಯೋವರೆಗೂ ನೋಟಿಫಿಕೇಶನ್ ಕೊಡಲ್ಲ, ಅಲಾರಂ ಕೂಡ ಹೊಡೆಯಲ್ಲ. ಆ್ಯಪ್ ಹ್ಯಾಂಗ್ ಆದಾಗ ಮಾತ್ರ ಅದು. ಮ್ಯಾಪ್ ದಾರಿ ಹೇಳುತ್ತಲೇ ಇದ್ದರೆ ಅದರ ನೋಟಿಫಿಕೇಶನ್‌ನಲ್ಲೇ ಎಕ್ಸಿಟ್ ಒತ್ತಿದರಾಯ್ತು.

ಭಾವನ ಫೋನಿನಲ್ಲಿ ಅಡಿಕೆ ರೇಟಿನ ಮೆಸೇಜೆಲ್ಲ ವಾಟ್ಸಾಪ್ ತೆರೆದಾಗಲೇ ಒಟ್ಟಿಗೆ ಬಂದು ಬೀಳುತ್ತವೆ ಅಂದೆಯಲ್ಲ, ಅದು ಆ್ಯಪ್ ಕ್ಲೋಸ್ ಮಾಡಿದ್ದರದ್ದೇ ಫಲ ಇರಬೇಕು. ಕೆಲವು ಕಂಪನಿಗಳ ಫೋನಿನಲ್ಲಿ ರೀಸೆಂಟ್ಸ್‌ನಿಂದ ತಳ್ಳಿದರೆ ಆ್ಯಪ್ ಪೂರ್ತಿ ಸತ್ತೇ ಹೋಗುತ್ತೆ. ರೀಸೆಂಟ್ಸ್‌ನಲ್ಲಿ ವಾಟ್ಸಾಪನ್ನ ಒತ್ತಿ ಹಿಡಿದು ಬೀಗದ ಗುರುತು ಹಾಕು, ಆ್ಯಪ್ ತಾನೇ ಶುರುವಾಗೋಕೆ ಬಿಡೋ ಆಟೋಸ್ಟಾರ್ಟ್ ಆನ್ ಮಾಡು, ಬ್ಯಾಟರಿಯಲ್ಲಿ ಅನ್‌ರಿಸ್ಟ್ರಿಕ್ಟೆಡ್ ಇಡು. ಈ ಭಾನುವಾರವೇ ಮಾಡಿಕೊಡು, ಭಾವನಿಗೆ ರೇಟು ತಡವಾಗಿ ಗೊತ್ತಾದರೆ ಸಿಟ್ಟು.

ಇಂತಿ ನಿನ್ನ ಮಾವ