ಸೀತನಿ ತಿನ್ನಲು ಹೊಲಕ್ಕೆ ಹೋಗುವ ಮುನ್ನ

ವಿಜಯಪುರ

ಪ್ರೀತಿಯ ಪಾಲಕರಿಗೆ ಶರಣು.

ಎಳ್ಳಮಾವಾಸ್ಯೆಗೆ ನೀವೆಲ್ಲ ಮನೆಮಂದಿಯ ಜೊತೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಬರುತ್ತೀರಿ. ಅದಾದ ಮೇಲೆ, ಬಿಳಿಜೋಳದ ತೆನೆಯಲ್ಲಿ ಹಾಲುಗಾಳು ತುಂಬಿದಾಗ, ಎಂದಿನಂತೆ ಮಕ್ಕಳನ್ನು ಸೀತನಿ, ಅಂದರೆ ಕೆಂಡದಲ್ಲಿ ಸುಟ್ಟ ಹಸಿ ಜೋಳದ ತೆನೆ, ತಿನ್ನಲು ಕರೆದುಕೊಂಡು ಹೋಗುತ್ತೇವೆ. ದಿನ ಗೊತ್ತಾದ ಕೂಡಲೇ ತಿಳಿಸುತ್ತೇವೆ. ಈ ಸಲ ಬುತ್ತಿಯ ಬಗ್ಗೆ ನಿಮ್ಮನ್ನು ಒಂದು ಮಾತು ಕೇಳಬೇಕಿದೆ.

ನಮ್ಮ ಶಾಲೆಯ ಒಬ್ಬ ಹುಡುಗಿಗೆ ಸೀಲಿಯಾಕ್ ಕಾಯಿಲೆ ಇದೆ. ಅವಳ ತಂದೆ-ತಾಯಿ ಒಪ್ಪಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ಗೋಧಿ, ಬಾರ್ಲಿ, ರೈ ಕಾಳುಗಳಲ್ಲಿ ಗ್ಲುಟೆನ್ ಎಂಬ ಪ್ರೋಟೀನ್ ಇರುತ್ತದೆ. ಅದು ಹೊಟ್ಟೆಗೆ ಹೋದರೆ ಈ ಕಾಯಿಲೆ ಇರುವವರ ದೇಹ ತನ್ನ ಸಣ್ಣ ಕರುಳನ್ನೇ ಹಾಳು ಮಾಡಿಕೊಳ್ಳುತ್ತದೆ. ಉಂಡದ್ದು ಮೈಗೆ ಹತ್ತುವುದಿಲ್ಲ. ಜೀವನಪೂರ್ತಿ ಗ್ಲುಟೆನ್ ಬಿಡುವುದೊಂದೇ ದಾರಿ. ಇದು ಅಂಟುರೋಗ ಅಲ್ಲ. ಆದರೆ "ಒಂದು ತುತ್ತು ತಿಂದರೆ ಏನಾಗುತ್ತೆ" ಎನ್ನುವಂತಿಲ್ಲ. ಹೊಟ್ಟೆ ನೋಯದಿದ್ದರೂ ಒಳಗೆ ಕರುಳಿಗೆ ಪೆಟ್ಟು ಬೀಳಬಹುದು.

ಹೋದ ವರ್ಷ ನಾವು ತಪ್ಪು ಮಾಡಿದೆವು. ಗಾಬರಿಯಲ್ಲಿ ಅವಳಿಗೆ ಏನೂ ಮುಟ್ಟಬೇಡ ಎಂದೆವು. ಉಳಿದ ಮಕ್ಕಳು ಕೆಂಡದ ಸುತ್ತ ಕೂತು ಬಿಸಿ ತೆನೆ ತಿಕ್ಕಿ ತಿನ್ನುವಾಗ ಅವಳು ಬೇವಿನ ಮರದ ಕೆಳಗೆ ಒಬ್ಬಳೇ ಡಬ್ಬಿ ಬಿಚ್ಚಿಕೊಂಡು ಕೂತಿದ್ದಳು. ಆ ನೋಟ ನನ್ನ ಮನಸ್ಸಿನಿಂದ ಹೋಗಿಲ್ಲ. ಯಾಕೆಂದರೆ ಜೋಳದಲ್ಲಿ ಗ್ಲುಟೆನ್ ಇಲ್ಲವೇ ಇಲ್ಲ. ಸಜ್ಜೆ, ಅಕ್ಕಿ, ಕಡಲೆ, ಶೇಂಗಾದಲ್ಲೂ ಇಲ್ಲ. ನಮ್ಮ ಹೊಲದ ಊಟ ಹೆಚ್ಚುಕಡಿಮೆ ಅವಳ ಊಟವೇ ಅಲ್ವಾ?

ತೊಂದರೆ ಬರುವುದು ಬೆರಕೆಯಿಂದ. ಗೋಧಿ ಬೀಸಿದ ಗಿರಣಿಯಲ್ಲೇ ಜೋಳ ಬೀಸಿದರೆ ಹಿಟ್ಟು ಬೆರೆಯುತ್ತದೆ. ಚಪಾತಿ ಸುಟ್ಟ ಹಂಚಿಗೂ ಇದೇ ಮಾತು. ಸೀತನಿಯ ಕೆಂಡದಲ್ಲೇ ಗೋಧಿಯ ಹಸಿ ತೆನೆ ಸುಟ್ಟರೂ ಅಷ್ಟೇ. ಅಂಗಡಿಯ ಇಂಗಿನಲ್ಲಿ ಮೈದಾ ಸೇರಿರುವುದುಂಟು. ಜವಾರಿ ಗೋಧಿಯಾದರೆ ನಡೆಯುತ್ತದೆ ಎಂದು ಕೆಲವರು ಹೇಳುತ್ತಾರೆ. ಇಲ್ಲ, ಅದರಲ್ಲೂ ಗ್ಲುಟೆನ್ ಇದೆ.

ಅದಕ್ಕೇ ಈ ಸಲ ಎಲ್ಲರಿಗೂ ಗೋಧಿ ಇಲ್ಲದ ಊಟ. ಅವಳ ಮನೆಯ ಸಣ್ಣ ಗಿರಣಿಯಲ್ಲಿ ಗೋಧಿ ಹಾಕುವುದಿಲ್ಲ, ಹಿಟ್ಟು ಅಲ್ಲಿಂದಲೇ ಬರುತ್ತದೆ. ನಮ್ಮ ಅಡುಗೆಯ ಅಕ್ಕಂದಿರು ಹೊಲದಲ್ಲೇ ಹೊಸ ಹಂಚಿನ ಮೇಲೆ ರೊಟ್ಟಿ ಮಾಡುತ್ತಾರೆ. ಇಂಗು ಹಾಕದ ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು, ಬೆಲ್ಲ ಇರುತ್ತವೆ. ಗೋಧಿ ತೆನೆ ಸುಡುವುದಿಲ್ಲ ಎಂದು ಹೊಲದವರು ಒಪ್ಪಿದ್ದಾರೆ.

ದಯವಿಟ್ಟು ಅಂದು ಹೋಳಿಗೆ, ಕರಿಗಡಬು, ಬಿಸ್ಕತ್ತು ಏನನ್ನೂ ಕಳಿಸಬೇಡಿ. ಹೋಳಿಗೆ ಇಲ್ಲದ ಬುತ್ತಿ ಮಕ್ಕಳಿಗೆ ಸಪ್ಪೆ ಅನ್ನಿಸಬಹುದು, ನನಗೆ ಗೊತ್ತು. ಶೇಂಗಾ ಉಂಡೆ ಕಳಿಸಿದರೂ ಅವಳಿಗೆ ಕೊಡಬಾರದು ಎಂದು ಮಕ್ಕಳಿಗೆ ಹೇಳಿ. ನಿಮ್ಮ ಅಡುಗೆಮನೆಯ ಗೋಧಿ ಹಿಟ್ಟು ಅದಕ್ಕೂ ತಾಗಿರಬಹುದು. ಅಂದು ಬೆಳಿಗ್ಗೆ ಚಪಾತಿ ತಿಂದು ಬಂದವರು ಸೋಪು, ನೀರಿನಲ್ಲಿ ಕೈ ತೊಳೆಯಬೇಕು. ಸ್ಯಾನಿಟೈಸರ್‌ನಿಂದ ಗ್ಲುಟೆನ್ ಹೋಗುವುದಿಲ್ಲ.

ಇನ್ನೊಂದು ವಿಷಯ. ನಿಮ್ಮ ಮಗುವಿಗೆ ತುಂಬಾ ದಿನದಿಂದ ಹೊಟ್ಟೆ ಉಬ್ಬರ, ಭೇದಿ, ರಕ್ತಹೀನತೆ ಇದ್ದರೆ, ಎತ್ತರ-ತೂಕ ಏರದಿದ್ದರೆ ವೈದ್ಯರನ್ನು ಕೇಳಿ. ಸೀಲಿಯಾಕ್ ಇದೆಯೇ ಎಂದು ನೋಡಲು ರಕ್ತಪರೀಕ್ಷೆ ಇದೆ. ಆದರೆ ಪರೀಕ್ಷೆಗೆ ಮೊದಲೇ ಸುಮ್ನೆ ಗೋಧಿ ಬಿಡಿಸಬೇಡಿ, ಕಾಯಿಲೆ ಇದ್ದರೂ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು.

ಬೇರೆ ಮಕ್ಕಳಿಗೆ ಶೇಂಗಾ ಆಗಲಿ, ಹಾಲಾಗಲಿ ಆಗದಿದ್ದರೆ ಈ ಪತ್ರದ ಹಿಂದೆ ಬರೆದು ಕಳಿಸಿ. ಟೊಪ್ಪಿಗೆ, ನೀರಿನ ಬಾಟಲಿ ಮರೆಯಬೇಡಿ.

ನಿಮ್ಮ,
ಮುಖ್ಯೋಪಾಧ್ಯಾಯಿನಿ